ಸರಕು ಪಿಕಪ್‌ನ ಬ್ರೇಕ್ ಪ್ಯಾಡ್: ಮಾಲೀಕರು ಗಮನಿಸಬೇಕಾದ ಅಂಶಗಳು

ಸರಕು ಸಾಗಣೆಗೆ ನಮ್ಮ ಅನೇಕ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಸ್ವಂತ ಪಿಕಪ್ ವಾಹನವನ್ನು ಅವಲಂಬಿಸಿದ್ದಾರೆ. ಡೀಸೆಲ್, ಟೈರುಗಳ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುವ ಮಾಲೀಕರು ಬ್ರೇಕ್ ಪ್ಯಾಡಿನ ವಿಷಯವನ್ನು ಮಾತ್ರ ಮೆಕ್ಯಾನಿಕ್‌ಗೆ ಬಿಟ್ಟುಬಿಡುವುದುಂಟು. ಪ್ಯಾಡು ತೆಳುವಾಗಿದೆಯೆಂದು ಚಾಲಕ ತಿಳಿಸಿದಾಗ, ‘ಹಬ್ಬದ ವ್ಯಾಪಾರ ಮುಗಿಯಲಿ’ ಎಂದು ಮುಂದೂಡುವವರೂ ಮಾಲೀಕರೇ.

ವಾಹನದ ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುವುದು ಬ್ರೇಕಿನ ಕೆಲಸ. ಸರಕೂ ಸೇರಿ 3 ಟನ್ ತೂಗುವ ವಾಹನವನ್ನು ಗಂಟೆಗೆ 60 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಸುಮಾರು 4 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ತೂಕ ಇಮ್ಮಡಿಸಿದರೆ ಶಾಖವೂ ಇಮ್ಮಡಿ. ವೇಗ ಇಮ್ಮಡಿಸಿದರೆ ನಾಲ್ಕು ಪಟ್ಟು. ಶಿರಾಡಿ, ಚಾರ್ಮಾಡಿಯಂತಹ ಘಾಟಿಗಳನ್ನು ಇಳಿಯುವಾಗಲಂತೂ ಬ್ರೇಕಿಗೆ ತಣಿಯಲು ಬಿಡುವೇ ದೊರೆಯದು. ಆದಕಾರಣ ಪ್ಯಾಡಿನ ಆಯುಸ್ಸನ್ನು ಕಿಲೋಮೀಟರಿನಿಂದ ಅಳೆಯಲಾಗದು, ದಪ್ಪದಿಂದಲೇ ಅಳೆಯಬೇಕು. ಘರ್ಷಣ ಪದರ 3 ಮಿ.ಮೀ.ಗೆ ಇಳಿದಾಗ ಬದಲಾಯಿಸುವುದು ಕ್ಷೇಮಕರ. ಪದರ ಪೂರ್ತಿ ಸವೆದರೆ ಹಿಂಬದಿಯ ಉಕ್ಕಿನ ಫಲಕವು ಡಿಸ್ಕನ್ನೇ ಕೊರೆಯತೊಡಗಿ, ಪ್ಯಾಡಿನ ಜೊತೆಗೆ ಡಿಸ್ಕಿನ ವೆಚ್ಚವೂ ಬೀಳುತ್ತದೆ.

ಸಾಮಾನ್ಯವಾಗಿ ಇಂತಹ ವಾಹನಗಳ ಮುಂಚಕ್ರಗಳಲ್ಲಿ ಡಿಸ್ಕ್, ಹಿಂಚಕ್ರಗಳಲ್ಲಿ ಡ್ರಮ್ ಇರುತ್ತದೆ. ಪ್ಯಾಡುಗಳನ್ನು ಎಡಬಲ ಎರಡೂ ಚಕ್ರಗಳಿಗೆ ಏಕಕಾಲದಲ್ಲಿ ಹಾಕಿಸತಕ್ಕದ್ದು. ಇಲ್ಲವಾದರೆ ವಾಹನವು ಒಂದು ಪಕ್ಕಕ್ಕೆ ಎಳೆಯುತ್ತದೆ. ಹಳೆಯ ಪ್ಯಾಡುಗಳನ್ನು ಕೇಳಿ ಪಡೆದು ನೋಡಬೇಕು. ಒಂದೇ ಚಕ್ರದ ಒಳ ಪ್ಯಾಡು ಹೆಚ್ಚು ಸವೆದು ಹೊರಗಿನದು ಉಳಿದಿದ್ದರೆ, ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದುಕೊಂಡಿರುವ ಸಂಭವವುಂಟು. ಅವನ್ನು ಶುಚಿಗೊಳಿಸಿ ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚದಿದ್ದಲ್ಲಿ ಹೊಸ ಪ್ಯಾಡಿಗೂ ಅದೇ ಗತಿ. ಡಿಸ್ಕಿನ ದಪ್ಪವನ್ನೂ ಅಳೆಸಬೇಕು. ಕನಿಷ್ಠ ಮಿತಿಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಬ್ರೇಕಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವ ಅಭ್ಯಾಸ ನಿಲ್ಲಬೇಕು. ಹಳೆಯ ಪ್ಯಾಡುಗಳಲ್ಲಿ ಕ್ಯಾನ್ಸರ್‌ಕಾರಕ ಕಲ್ನಾರು ಇರಬಹುದು. ಆ ಧೂಳನ್ನು ಉಸಿರಾಡುವವನು ಕೆಲಸದ ಹುಡುಗ.

ಹೊಸ ಪ್ಯಾಡು ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತಾರಾದ್ದರಿಂದ ಮೊದಲ ಬಾರಿ ಪೆಡಲ್ ತುಳಿದಾಗ ಅದು ನೆಲ ಮುಟ್ಟುತ್ತದೆ, ಬ್ರೇಕ್ ಹಿಡಿಯದು. ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿದ ನಂತರವೇ ವಾಹನವನ್ನು ಕದಲಿಸಬೇಕು. ಚಾಲಕನಿಗೆ ಇದನ್ನು ಸ್ಪಷ್ಟವಾಗಿ ಹೇಳತಕ್ಕದ್ದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯದಕ್ಕೆ ನಿಗದಿಯಾದ ಕನಿಷ್ಠ ಕುದಿಬಿಂದು ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್, ತೇವ ಸೇರಿದಾಗ 140 ಮಾತ್ರ. ಘಾಟಿಯಲ್ಲಿ ಅದು ಕುದಿದು ಆವಿಯಾದರೆ, ಪ್ಯಾಡು ಎಷ್ಟೇ ಹೊಸದಿರಲಿ, ಪೆಡಲ್ ಪೊಳ್ಳಾಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಒಳ್ಳೆಯ ಪದ್ಧತಿ. ಪ್ಯಾಡು ಹಾಕಿಸಿದ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್‌ವರೆಗೆ ಹಗುರ ಸರಕನ್ನೇ ಹೇರುವುದು ಲೇಸು.

ಬಿಲ್ಲಿಲ್ಲದ ಅಗ್ಗದ ಪ್ಯಾಡಿನ ಆಸೆಗೆ ಬೀಳುವವರು ಇನ್ನೊಂದನ್ನೂ ಯೋಚಿಸಲಿ: ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವರ್ತಕರು ತೆರಿಗೆಗೊಳಪಟ್ಟ ವ್ಯಾಪಾರಕ್ಕೆ ಬಳಸುವ ಸರಕು ವಾಹನದ ದುರಸ್ತಿಯ ಮೇಲಿನ ಜಿ.ಎಸ್.ಟಿ.ಗೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಅದಕ್ಕೆ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯುಳ್ಳ ಬಿಲ್ಲು ಬೇಕು. ಅದರ ಮೇಲೆ ವಾಹನ ಸಂಖ್ಯೆ ಹಾಗೂ ಓಡಿದ ಕಿಲೋಮೀಟರ್ ಬರೆಸಿಟ್ಟರೆ ಮುಂದಿನ ತಪಾಸಣೆಗೂ ಅದೇ ದಾಖಲೆ.