ನಿದ್ದೆಗೆಟ್ಟರೆ ನೆನಪೂ ಕೈಕೊಡುತ್ತದೆ

ಆನಗೋಡು (ದಾವಣಗೆರೆ ತಾ.): ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿರುವ ಆನಗೋಡಿನಲ್ಲಿ ಬೆಳಗಿನ ಜಾವದವರೆಗೂ ಲಾರಿಗಳ ಸದ್ದು ನಿಲ್ಲುವುದಿಲ್ಲ. ಕೊಳವೆಬಾವಿ ನಂಬಿದ ರೈತನಿಗೆ ತ್ರೀ ಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದರೆ ಟಾರ್ಚ್ ಹಿಡಿದು ತೋಟಕ್ಕೆ ಹೊರಡದೆ ವಿಧಿಯಿಲ್ಲ. ದಾವಣಗೆರೆ, ಹರಿಹರದ ಕಾರ್ಖಾನೆ, ಆಸ್ಪತ್ರೆಗಳಲ್ಲಿ ರಾತ್ರಿ ದುಡಿದವರು ಹೊತ್ತು ಮೂಡಿದ ಮೇಲೆ ಮನೆ ಸೇರುತ್ತಾರೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಇವರಿಗೆ ಅನ್ವಯಿಸದು.

ನಿದ್ದೆಗೆಟ್ಟರೆ ಕಣ್ಣುರಿ, ಮೈಕೈ ನೋವು ಎಂದಷ್ಟೇ ಬಹುತೇಕರ ಭಾವನೆ. ಆದರೆ ದೊಡ್ಡ ಪೆಟ್ಟು ಬೀಳುವುದು ಮೆದುಳಿಗೆ. ಪೆಟ್ಟು ತಿಂದವನಿಗೆ ಅದು ತಿಳಿಯದಿರುವುದೇ ಹೆಚ್ಚಿನ ಅಪಾಯ.

ಯಾವುದು ಕಾಯಿಲೆ?

ನಿದ್ರಿಸಲು ಅವಕಾಶವೇ ಸಿಗದಿರುವುದು ಬೇರೆ, ಅವಕಾಶವಿದ್ದೂ ನಿದ್ದೆ ಬಾರದಿರುವುದು ಬೇರೆ. ಎರಡನೆಯದೇ ನಿದ್ರಾಹೀನತೆ. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಇದು ಮುಂದುವರಿದು, ಹಗಲಿನ ಕೆಲಸಕ್ಕೂ ಅಡ್ಡಿಯಾದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ವರ್ಷಗಟ್ಟಲೆ ಪಾಳಿಯಲ್ಲಿ ದುಡಿದವರಿಗೆ ಮೊದಲನೆಯದೇ ಎರಡನೆಯದಕ್ಕೆ ದಾರಿಯಾಗುವುದುಂಟು.

ಕಣದಿಂದ ಕಣಜಕ್ಕೆ

ಹಗಲಿನಲ್ಲಿ ಕಂಡದ್ದು, ಕೇಳಿದ್ದು ಮೊದಲು ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಪುಟ್ಟ ಭಾಗದಲ್ಲಿ ಶೇಖರವಾಗುತ್ತದೆ. ಅದು ಒಕ್ಕಣೆಯ ಕಣವಿದ್ದಂತೆ. ಗಾಢ ನಿದ್ದೆಯಲ್ಲಿ ಕಾಳು, ಹೊಟ್ಟು ಬೇರ್ಪಟ್ಟು, ಉಳಿಯಬೇಕಾದದ್ದು ಮೆದುಳಿನ ಹೊರಪದರವೆಂಬ ಕಣಜ ಸೇರುತ್ತದೆ. ನಿದ್ದೆ ಪದೇ ಪದೇ ಮುರಿದರೆ ಈ ಸಾಗಣೆ ಅರ್ಧಕ್ಕೇ ನಿಲ್ಲುತ್ತದೆ. ಕಲಿತ ಮೇಲೆ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆ ಎಂಬುದನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1924ರಷ್ಟು ಹಿಂದೆಯೇ ತೋರಿಸಿದ್ದರು. ಪರೀಕ್ಷೆಯ ಹಿಂದಿನ ರಾತ್ರಿಯಿಡೀ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಗಮನ ಮತ್ತು ವಿವೇಚನೆಯನ್ನು ನಿಯಂತ್ರಿಸುವ ಮೆದುಳಿನ ಮುಂಭಾಗವೂ ನಿದ್ದೆಯಿಲ್ಲದೆ ಸೊರಗುತ್ತದೆ. ನಿದ್ರಾಹೀನರ ಮರೆವಿಗೆ ಎಷ್ಟೋ ಸಲ ಕಾರಣ ಇದೇ. ನೆನಪು ಅಳಿಸಿಹೋಗಿರುವುದಿಲ್ಲ, ಗಮನವಿಲ್ಲದ ಕಾರಣ ದಾಖಲಾಗಿಯೇ ಇರುವುದಿಲ್ಲ. 17ರಿಂದ 19 ಗಂಟೆ ನಿರಂತರ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05 ಮದ್ಯಸಾರವಿದ್ದವರಷ್ಟೇ ಕುಸಿದಿರುತ್ತದೆ ಎಂದು 2000ದಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ಹೇಳಿದೆ. ನಮ್ಮ ದೇಶದಲ್ಲಿ ಚಾಲಕರಿಗೆ ಕಾನೂನಿನ ಮಿತಿ ಶೇ 0.03. ಹೆದ್ದಾರಿಯಲ್ಲಿ ಕುಡಿತವನ್ನು ಯಂತ್ರ ಪತ್ತೆಹಚ್ಚುತ್ತದೆ, ನಿದ್ದೆಗೇಡನ್ನಲ್ಲ.

ಮರೆವಿನ ರೋಗದ ಭಯ

ಒಂದೇ ರಾತ್ರಿ ನಿದ್ದೆಗೆಟ್ಟ 20 ಮಂದಿ ಆರೋಗ್ಯವಂತರ ಮೆದುಳಿನಲ್ಲಿ ಅಲ್ಝೈಮರ್ ಕಾಯಿಲೆಗೆ ಸಂಬಂಧಿಸಿದ ಬೀಟಾ ಅಮೈಲಾಯ್ಡ್ ಹೆಚ್ಚಿದ್ದು 2018ರ ಅಮೆರಿಕದ ಅಧ್ಯಯನದಲ್ಲಿ ಕಂಡುಬಂತು. ನಿದ್ದೆಯ ವೇಳೆ ಮೆದುಳು ತನ್ನ ತ್ಯಾಜ್ಯವನ್ನು ತೊಳೆದುಕೊಳ್ಳುತ್ತದೆ ಎಂಬ ವಾದವೂ ಇಲಿಗಳ ಮೇಲಿನ 2013ರ ಪ್ರಯೋಗದಿಂದ ಬಲ ಪಡೆಯಿತು. ಆದರೆ ಇದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನಿದ್ದೆ ಬಾರದವರಿಗೆಲ್ಲ ಅಲ್ಝೈಮರ್ ಬರುತ್ತದೆ ಎಂದು ಹೆದರಬೇಕಿಲ್ಲ. ಆ ಹೆದರಿಕೆಯೇ ಇನ್ನೊಂದು ರಾತ್ರಿಯ ನಿದ್ದೆ ಕದಿಯಬಹುದು.

ಪರಿಹಾರವೇನು?

ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆ ಪರಿಹಾರವಲ್ಲ. ಮದ್ಯವಂತೂ ಬೇಗ ಮಂಪರು ತಂದು ನಡುರಾತ್ರಿ ಎಚ್ಚರಿಸುತ್ತದೆ. ಮಲಗುವ ರೂಢಿ ಹಾಗೂ ನಿದ್ದೆಯ ಕುರಿತ ಆತಂಕ ಎರಡನ್ನೂ ತಿದ್ದುವ ಮನೋಚಿಕಿತ್ಸೆಯೇ ಮೊದಲ ಆಯ್ಕೆಯಾಗಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಶಿಫಾರಸು ಮಾಡಿದೆ. ನಿತ್ಯ ಒಂದೇ ಹೊತ್ತಿಗೆ ಏಳುವುದು, ಹಾಸಿಗೆಯನ್ನು ನಿದ್ದೆಗಷ್ಟೇ ಮೀಸಲಿಡುವುದು, ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಕೂರುವುದು ಇದರ ಭಾಗ. ಸಂಜೆಯ ನಂತರ ಚಹಾ, ಕಾಫಿ ಬಿಡುವುದೂ ಒಳ್ಳೆಯದು. ರಾತ್ರಿ ಪಾಳಿಯವರು ಹಗಲು ಮಲಗುವ ಕೋಣೆಯನ್ನು ಕತ್ತಲಾಗಿಸಿಕೊಳ್ಳಬೇಕು. ಜೋರಾದ ಗೊರಕೆ, ಮಲಗಿದ್ದಾಗ ಉಸಿರು ಕಟ್ಟುವುದು ಇದ್ದರೆ ವೈದ್ಯರನ್ನು ಕಾಣಲೇಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನ ಮಾಡುವ ಮಧ್ಯವಯಸ್ಕರ ಗಾಢ ನಿದ್ದೆ ಕಿರಿಯರಷ್ಟೇ ಚೆನ್ನಾಗಿತ್ತು. ಅದು ಆರೋಗ್ಯವಂತರ ಮೇಲೆ ನಡೆದ ಅಧ್ಯಯನವಾದ್ದರಿಂದ ಧ್ಯಾನವನ್ನು ಚಿಕಿತ್ಸೆಗೆ ಬದಲಿಯೆಂದು ತಿಳಿಯಬಾರದು.

ನಿದ್ದೆಗೇಡಿನೊಂದಿಗೆ ಚಿಂತೆ, ಖಿನ್ನತೆ ಕಾಡುತ್ತಿದ್ದರೆ 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.