ಬೋರಿನಾಗ ಕರೀ ಪುಡಿ: ವಾಟ್ನಿ ನಿಲ್ಲಿಸಬೇಡಿ!

ಅರಭಾವಿ: ಬೋರ್ ಕೊರೆಸುವಾಗ ನೀರಿನ ಬದಲು ಕರೀ ಪುಡಿ ಹಾರಿದರೆ ಸಾಕು, 'ಕಲ್ಲಿದ್ದಲು ಬಿದ್ದೈತಂತ' ಎಂಬ ಸುದ್ದಿ ಸಂಜೆಯೊಳಗೆ ಊರು ಸುತ್ತುತ್ತದೆ. ಅಣ್ಣತಮ್ಮಂದಿರ ವಾಟ್ನಿ ಅಲ್ಲಿಗೇ ನಿಲ್ಲುತ್ತದೆ. ಆ ತುಂಡು ಯಾರ ಪಾಲಿಗೆ? ಎಕರೆಗೆ ಎಷ್ಟು ಬೆಲೆ ಕಟ್ಟಬೇಕು?

ಕಟ್ಟಬೇಕಾದ್ದು ಹೊಲದ ಬೆಲೆ ಅಷ್ಟೇ. ಕಲ್ಲಿದ್ದಲೆಂದರೆ ಹೂತುಹೋದ ಕಾಡು. ಗೋಕಾಕದಲ್ಲಿ ಘಟಪ್ರಭೆ ಧುಮುಕುವ ಬಂಡೆಯೋ 50 ಕೋಟಿ ವರ್ಷಕ್ಕೂ ಹಳೆಯದು. ಆಗ ಭೂಮಿಯ ಮೇಲೆ ಮರವೇ ಹುಟ್ಟಿರಲಿಲ್ಲ, ಇದ್ದಲು ಎಲ್ಲಿಂದ ಬರಬೇಕು? ಅಂಥ ಬಂಡೆಯ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಕರಿಕಲ್ಲಾಯಿತು. ಬೋರಿನ ಪುಡಿ ಬಹುಮಟ್ಟಿಗೆ ಇದೇ. ಒಣಗಿಸಿ ಒಲೆಗೆ ಹಾಕಿ ನೋಡಿ, ಉರಿಯದು.

ಚಂದ್ರಾಪುರದ ಕಡೆ ಇಂಥ ಕರಿಕಲ್ಲಿನ ಕೆಳಗೂ ಕಲ್ಲಿದ್ದಲು ಇದೆಯೆಂಬುದು ನಿಜ. ಏಜಂಟರು ಹೇಳುವುದೂ ಅದನ್ನೇ! ಆದರೆ ಅಲ್ಲಿ ನಡುವೆ ಇದ್ದಲು ಹೊತ್ತ ಗೊಂಡ್ವಾನ ಪದರವಿದೆ, ನಮ್ಮಲ್ಲಿಲ್ಲ. 1985ರಲ್ಲಿ ಶುರುವಾದ ರಾಯಚೂರಿನ ವಿದ್ಯುತ್ ಸ್ಥಾವರಕ್ಕೂ ಇದ್ದಲು ಬರುವುದು ಹೊರರಾಜ್ಯದಿಂದಲೇ.

ಸಿಕ್ಕಿತೆಂದೇ ಇಟ್ಟುಕೊಳ್ಳಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಕಲಮಿನಂತೆ ನೆಲದೊಳಗಿನ ಖನಿಜ ಸಾಮಾನ್ಯವಾಗಿ ಸರ್ಕಾರದ್ದು. ಉತಾರದಲ್ಲಿ ಹೆಸರಿದ್ದವರಿಗೆ ಬರುವುದು ಭೂಮಿಯ ಪರಿಹಾರ, ಟನ್ನಿನ ಲೆಕ್ಕದ ದುಡ್ಡಲ್ಲ.

ಇನ್ನೂ ಅನುಮಾನವೇ? ಪುಡಿ ಕಟ್ಟಿಕೊಂಡು ಬೆಳಗಾವಿಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಹೋಗಿ ಕೇಳಿ. 'ಸರ್ವೆ ಮಾಡಿಸ್ತೀವಿ, ಮುಂಗಡ ಕೊಡ್ರಿ' ಅನ್ನುವವರಿಗೆ ಕೊಡಬೇಡಿ. ವಾಟ್ನಿಯನ್ನು ಮಾತ್ರ ಯಾವ ತುಂಡಿಗೆ ನೀರು ಏರುತ್ತದೆ, ಯಾವುದಕ್ಕೆ ಗಾಡಿದಾರಿ ಇದೆ ಎಂದು ನೋಡಿ ಮುಗಿಸಿಕೊಳ್ಳಿ.