ಗರ್ಭಿಣಿಯೂ ಬಿಲ್ಲಿನಾಕಾರದ ಜೀವಿಯೂ

ಉತ್ತರ ಆಫ್ರಿಕದ ಬೆಟ್ಟಗಾಡಿನಲ್ಲಿ ಗುಂಡಿ ಎಂಬ, ಇಲಿಯ ಬಳಗಕ್ಕೆ ಸೇರಿದ ಪ್ರಾಣಿಯೊಂದುಂಟು. 1908ರಲ್ಲಿ ಟ್ಯೂನಿಸ್ ನಗರದ ಪಾಸ್ತರ್ ಸಂಸ್ಥೆಯ ಷಾರ್ಲ್ ನಿಕೊಲ್ ಮತ್ತು ಲೂಯಿ ಮಾನ್ಸೊ ಎಂಬವರು ಅದರ ಶರೀರದಲ್ಲಿ ಏಕಕೋಶದ ಪರೋಪಜೀವಿಯೊಂದನ್ನು ಕಂಡರು. ಸೂಕ್ಷ್ಮದರ್ಶಕದಲ್ಲಿ ಅದು ಬಾಗಿದ ಬಿಲ್ಲಿನಂತೆ ತೋರುತ್ತಿದ್ದುದರಿಂದ, ಬಿಲ್ಲೆಂಬ ಅರ್ಥದ ಗ್ರೀಕ್ ಪದವನ್ನು ಹಿಡಿದು ಟಾಕ್ಸೊಪ್ಲಾಸ್ಮ ಎಂದು ಹೆಸರಿಟ್ಟರು. ಈ ಜೀವಿ ಮನುಷ್ಯರ ದೇಹವನ್ನೂ ಹೊಗುತ್ತದೆ. ಆರೋಗ್ಯವಂತರಲ್ಲಿ ಬಹುಮಟ್ಟಿಗೆ ಅದರ ಸುಳಿವೇ ತಿಳಿಯದು. ಕೆಲವರಿಗೆ ಸಣ್ಣ ಜ್ವರ ಬಂದು ಕೊರಳಿನ ಗ್ರಂಥಿಗಳು ಊದಬಹುದು, ಅಷ್ಟೆ. ಆದರೆ ಗರ್ಭಿಣಿಯೊಬ್ಬಳಿಗೆ ಮೊದಲ ಬಾರಿಗೆ ಈ ಸೋಂಕು ತಗುಲಿದರೆ, ಅದು ಮಾಸನ್ನು ದಾಟಿ ಗರ್ಭಸ್ಥ ಶಿಶುವನ್ನು ಮುಟ್ಟಬಲ್ಲುದು. ಇದನ್ನು 1939ರಲ್ಲಿ ನ್ಯೂಯಾರ್ಕಿನ ವುಲ್ಫ್, ಕವೆನ್ ಮತ್ತು ಪೇಜ್ ಎಂಬ ವೈದ್ಯರು ತೋರಿಸಿಕೊಟ್ಟರು.

ಇಲ್ಲೊಂದು ವಿಚಿತ್ರವುಂಟು. ಗರ್ಭದ ಮೊದಲ ತಿಂಗಳುಗಳಲ್ಲಿ ಸೋಂಕು ಶಿಶುವಿಗೆ ದಾಟುವುದು ವಿರಳ. ದಾಟಿದರೆ ಮಾತ್ರ ಮಿದುಳಿಗೂ ಕಣ್ಣಿಗೂ ಘೋರ ಹಾನಿ, ಇಲ್ಲವೆ ಗರ್ಭಪಾತ. ಕೊನೆಯ ತಿಂಗಳುಗಳಲ್ಲಿ ದಾಟುವುದು ಬಲು ಸುಲಭ, ಆದರೆ ಹುಟ್ಟುವ ಕೂಸು ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಅಂತಹ ಮಕ್ಕಳ ಅಕ್ಷಿಪಟಲದಲ್ಲಿ ಹಲವು ವರ್ಷಗಳ ಬಳಿಕವೂ ಉರಿಯೂತ ತಲೆದೋರುವುದುಂಟು.

ಈ ಜೀವಿ ನಮ್ಮನ್ನು ಸೇರುವ ದಾರಿಯೇನು? ಒಂದು ದಾರಿ ಮಾಂಸ. ಪ್ಯಾರಿಸಿನ ಬಳಿಯ ಕ್ಷಯರೋಗ ಚಿಕಿತ್ಸಾಲಯವೊಂದರಲ್ಲಿ ಮಕ್ಕಳಿಗೆ ಪುಷ್ಟಿಗಾಗಿ ಅರೆಬೆಂದ ಮಾಂಸವನ್ನು ಕೊಡುವ ಪದ್ಧತಿಯಿತ್ತು. ದೆಮೊಂ ಮತ್ತು ಅವರ ಸಹೋದ್ಯೋಗಿಗಳು 1965ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅರೆಬೆಂದ ದನದ ಅಥವಾ ಕುದುರೆಯ ಮಾಂಸವನ್ನು ಸೇರಿಸಿದಾಗ ವರ್ಷಕ್ಕೆ ನೂರಕ್ಕೆ 10ರಷ್ಟಿದ್ದ ಸೋಂಕು 50ಕ್ಕೇರಿತು. ಅರೆಬೆಂದ ಕುರಿಮರಿಯ ಮಾಂಸವೂ ಸೇರಿದಾಗ ಅದು ನೂರನ್ನೇ ಮುಟ್ಟಿತು. ಫ್ರಾನ್ಸ್ ದೇಶವು ಈ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದುದಕ್ಕೆ ಅಲ್ಲಿಯ ಊಟದ ಅಭಿರುಚಿಯೂ ಒಂದು ಕಾರಣವಾಗಿರಬೇಕು. ಸೋಂಕು ಕಾಣದಿದ್ದ ಗರ್ಭಿಣಿಯರಿಗೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ ನಡೆಸುವ ಕಟ್ಟಳೆಯನ್ನು 1992ರಲ್ಲಿ ಅಲ್ಲಿ ತಂದರು. ನಮ್ಮಲ್ಲಿ ಮಾಂಸವನ್ನು ಸಾರಿನಲ್ಲಿ ಕುದಿಸಿ ಬೇಯಿಸುವುದರಿಂದ ಈ ಭಯ ಕಡಿಮೆ. ಮಾಂಸದ ಒಳಭಾಗವು 67 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ಜೀವಿ ಉಳಿಯದು. ಆದರೆ ಹಸಿಯ ಖೀಮವನ್ನು ಉಪ್ಪು ನೋಡಲೆಂದು ನಾಲಿಗೆಗೆ ಹಚ್ಚುವುದೂ, ಮಾಂಸ ಹೆಚ್ಚಿದ ಮಣೆಯ ಮೇಲೆ ತೊಳೆಯದೆ ಸೌತೆಕಾಯಿ ಹೆಚ್ಚುವುದೂ ಒಳ್ಳೆಯದಲ್ಲ.

ಶಾಕಾಹಾರಿಗಳಾದ ಸ್ತ್ರೀಯರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸುವುದುಂಟು. ಎರಡನೆಯ ದಾರಿ ಮಣ್ಣು, ಮತ್ತು ಅದರ ಮೂಲ ಬೆಕ್ಕು. ಈ ಪರೋಪಜೀವಿಯ ಲೈಂಗಿಕ ಸಂತಾನವೃದ್ಧಿ ನಡೆಯುವುದು ಮಾರ್ಜಾಲ ಕುಲದ ಕರುಳಿನಲ್ಲಿ ಮಾತ್ರ. ಹೊಸದಾಗಿ ಸೋಂಕು ತಗುಲಿದ ಬೆಕ್ಕು ಒಂದರಿಂದ ಮೂರು ವಾರಗಳವರೆಗೆ, ಬಹುಮಟ್ಟಿಗೆ ಜೀವಮಾನದಲ್ಲಿ ಒಮ್ಮೆ, ಗಟ್ಟಿ ಕವಚದ ಮೊಟ್ಟೆಯಂತಹ ಕಣಗಳನ್ನು ಮಲದೊಡನೆ ಚೆಲ್ಲುತ್ತದೆ. ಹಸಿ ಮಣ್ಣಿನಲ್ಲಿ ಅವು ವರ್ಷಕ್ಕೂ ಮೀರಿ ಬದುಕಬಲ್ಲವು. ಆದುದರಿಂದ ಹಿತ್ತಿಲಿನಲ್ಲಿ ಕೈಯಾಡಿಸಿದ ಮೇಲೆ ಸಾಬೂನಿನಿಂದ ಕೈತೊಳೆಯಬೇಕು. ಕೊತ್ತಂಬರಿಸೊಪ್ಪು, ಮೂಲಂಗಿ, ಕೋಸಂಬರಿಯ ತರಕಾರಿಗಳನ್ನು ಹಸಿಯಾಗಿ ತಿನ್ನುವುದಾದರೆ ಹಲವು ನೀರಿನಲ್ಲಿ ತೊಳೆಯಬೇಕು. ನೀರನ್ನೂ ಹಾಲನ್ನೂ, ವಿಶೇಷವಾಗಿ ಆಡಿನ ಹಾಲನ್ನು, ಕಾಯಿಸಿಯೇ ಕುಡಿಯಬೇಕು.

ಹಾಗಾದರೆ ಸಾಕಿದ ಬೆಕ್ಕನ್ನು ಹೊರಗಟ್ಟಬೇಕೆ? ಬೇಕಾಗಿಲ್ಲ. ಬೆಕ್ಕನ್ನು ಸವರಿದ ಮಾತ್ರದಿಂದ ಸೋಂಕು ಹತ್ತುವುದು ಅತಿ ವಿರಳ. ಆ ಕಣಗಳು ಹೊರಬಿದ್ದೊಡನೆ ಹಾನಿಕರವಲ್ಲ. ಗಾಳಿಯಲ್ಲಿ ಒಂದರಿಂದ ಐದು ದಿನ ಪಕ್ವವಾಗಬೇಕು. ಮನೆಯ ಬೇರೊಬ್ಬರು ಬೆಕ್ಕಿನ ಹೊಲಸನ್ನು ದಿನವೂ ತೆಗೆದರಾಯಿತು.

ಇನ್ನು ರಕ್ತಪರೀಕ್ಷೆಯ ವಿಚಾರ. ಟಾರ್ಚ್ ಎಂಬ ಹೆಸರಿನ ಪರೀಕ್ಷೆಯ ಚೀಟಿಯನ್ನು ಹಿಡಿದು ಕಂಗೆಟ್ಟ ಸ್ತ್ರೀಯರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಅದರಲ್ಲಿ ಐಜಿಜಿ ಎಂಬ ಪ್ರತಿಕಾಯ ಮಾತ್ರವಿದ್ದರೆ ಸೋಂಕು ಹಿಂದೆಂದೋ ಬಂದು ಹೋಗಿದೆಯೆಂದೂ, ದೇಹಕ್ಕೆ ರಕ್ಷಣೆ ದೊರೆತಿದೆಯೆಂದೂ ಅರ್ಥ. ಪದೇ ಪದೇ ಗರ್ಭ ನಿಲ್ಲದಿರುವುದಕ್ಕೆ ಈ ಹಳೆಯ ಸೋಂಕನ್ನು ಹೊಣೆಮಾಡಿ ಔಷಧ ಕೊಡುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಒಮ್ಮೆ ರಕ್ಷಣೆ ಪಡೆದ ಆರೋಗ್ಯವಂತ ತಾಯಿಯಲ್ಲಿ ಅದು ಗರ್ಭದಿಂದ ಗರ್ಭಕ್ಕೆ ಮರುಕಳಿಸುವುದು ತೀರ ಅಪರೂಪ. ಐಜಿಎಂ ಎಂಬ ಇನ್ನೊಂದು ಪ್ರತಿಕಾಯ ಕಂಡೊಡನೆ ಗರ್ಭವನ್ನು ತೆಗೆಸುವ ಮಾತೆತ್ತುವುದಂತೂ ದುಡುಕು. ಅದು ಕೆಲವರ ರಕ್ತದಲ್ಲಿ ವರ್ಷಕ್ಕೂ ಮೇಲ್ಪಟ್ಟು ಉಳಿಯುತ್ತದೆ. ಕೆಲವೊಮ್ಮೆ ಸೋಂಕಿಲ್ಲದೆಯೂ ತೋರುತ್ತದೆ. ಆಗ ವೈದ್ಯರು ಐಜಿಜಿಯು ರೋಗಾಣುವಿನ ಅಂಶಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆಂಬುದನ್ನು ಅಳೆಯಿಸುತ್ತಾರೆ. ಹೊಸ ಸೋಂಕಿನಲ್ಲಿ ಈ ಅಂಟು ಸಡಿಲ, ತಿಂಗಳುಗಳು ಕಳೆದಂತೆ ಬಿಗಿ. ಗರ್ಭದ ಮೊದಲ ಮೂರು ತಿಂಗಳಲ್ಲಿ ತೆಗೆದ ರಕ್ತದಲ್ಲಿ ಅದು ಬಿಗಿಯಾಗಿದ್ದರೆ, ಸೋಂಕು ತಗುಲಿದ್ದು ಗರ್ಭಧಾರಣೆಗೆ ಮೊದಲೇ ಎಂದು ವೈದ್ಯರು ತಿಳಿಯುತ್ತಾರೆ.